ಎರಡು ಹೊಳೆಗಳ ನಡುವೆ ಕೇರೋ

ಎರಡು ಮಹಾನದಿಗಳು ಕೂಡುವ ಸ್ಥಳದಲ್ಲಿ ದೊಡ್ಡ ನಗರವೊಂದು ಬೆಳೆದೇ ತೀರಬೇಕೆಂಬುದು ಭೂಪಟವನ್ನು ನೋಡುವವರೆಲ್ಲರಿಗೂ ಹೊಳೆಯುವ ತರ್ಕ. ಈ ತರ್ಕವನ್ನು ಸುಳ್ಳುಮಾಡಿದ ಊರೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಉಂಟು. ಇಲಿನಾಯ್ ಸಂಸ್ಥಾನದ ದಕ್ಷಿಣದ ತುತ್ತತುದಿಯಲ್ಲಿ, ಓಹಾಯೋ ನದಿಯು ಮಿಸಿಸಿಪಿಯನ್ನು ಸೇರುವೆಡೆಯ ನಾಲಗೆಯಂಥ ನೆಲದ ಮೇಲೆ ಅದು ನಿಂತಿದೆ. ಹೆಸರು ಈಜಿಪ್ಟಿನ ರಾಜಧಾನಿಯದೇ. ಆದರೆ ಅಲ್ಲಿಯ ಜನ ಅದನ್ನು ‘ಕೇರೋ’ ಎಂದು ಉಚ್ಚರಿಸುತ್ತಾರೆ.

ಆ ಊರನ್ನು ನಾನು ಕಂಡವನಲ್ಲ. ಆದರೆ 1884ರಲ್ಲಿ ಮೊದಲು ಪ್ರಕಟವಾದ ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಕಾದಂಬರಿಯನ್ನು ಓದಿದ ಯಾರಿಗೂ ಅದು ಅಪರಿಚಿತವಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೊರಟ ಜಿಮ್ ಮತ್ತು ಬಾಲಕ ಹಕ್ ತೆಪ್ಪದ ಮೇಲೆ ತೇಲುತ್ತ ಬರುವುದು ಈ ಊರನ್ನು ಮುಟ್ಟುವುದಕ್ಕಾಗಿಯೇ. ಇಲ್ಲಿ ಇಳಿದು ಉಗಿಹಡಗನ್ನು ಹತ್ತಿ ಓಹಾಯೋ ನದಿಯ ಮೇಲಕ್ಕೆ ಸಾಗಿದರೆ ಗುಲಾಮರಿಲ್ಲದ ಸಂಸ್ಥಾನಗಳು ಸಿಗುತ್ತವೆ. ದಟ್ಟವಾದ ಮಂಜಿನಲ್ಲಿ ಊರು ಅವರಿಗೆ ತಪ್ಪಿಹೋಗುತ್ತದೆ. ಬೆಳಗಾದಾಗ ದಡದ ಬಳಿ ಓಹಾಯೋದ ತಿಳಿನೀರನ್ನೂ ಅದರಾಚೆ ಮಿಸಿಸಿಪಿಯ ಕೆಸರುನೀರನ್ನೂ ಕಂಡು, ತಾವು ಸಂಗಮವನ್ನು ದಾಟಿ ಬಂದೆವೆಂದು ಅವರು ಅರಿಯುತ್ತಾರೆ. ಇದು ಕವಿಕಲ್ಪನೆಯಷ್ಟೇ ಅಲ್ಲ. ಎರಡು ನದಿಗಳ ಬಣ್ಣಗಳು ಬಹುದೂರ ಬೇರೆಬೇರೆಯಾಗಿಯೇ ಹರಿಯುವುದು ಅಲ್ಲಿಯ ನಿಜಸ್ಥಿತಿ. ಇನ್ನೊಂದು ವಿಚಿತ್ರವೆಂದರೆ, ಸಂಗಮದಲ್ಲಿ ಸಾಮಾನ್ಯವಾಗಿ ಹೆಚ್ಚು ನೀರನ್ನು ತರುವುದು ಓಹಾಯೋ. ಮುಂದೆ ಉಳಿಯುವ ಹೆಸರು ಮಾತ್ರ ಮಿಸಿಸಿಪಿಯದು.

ನೈಲ್ ನದಿಯ ಬಯಲನ್ನು ನೆನಪಿಸುವ ತಗ್ಗುನೆಲವಾದುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ನೆರೆಯಲ್ಲಿ ಥೀಬ್ಸ್, ಕಾರ್ನಾಕ್ ಎಂಬ ಊರುಗಳೂ ಇವೆ. ಆ ಸೀಮೆಗೆ ‘ಪುಟ್ಟ ಈಜಿಪ್ಟ್’ ಎಂದೇ ಅಡ್ಡಹೆಸರು. 1818ರಲ್ಲಿ ಊರು ಕಟ್ಟುವ ಮೊದಲ ಪ್ರಯತ್ನ ಕೈಗೂಡಲಿಲ್ಲ. 1842ರಲ್ಲಿ ಈ ದಾರಿಯಾಗಿ ಹೋದ ಚಾರ್ಲ್ಸ್ ಡಿಕನ್ಸನು ಇಲ್ಲಿಯ ಜೌಗನ್ನೂ ಜ್ವರವನ್ನೂ ಕಂಡು ಹೇಸಿಕೊಂಡನು. ಅವನ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯಲ್ಲಿ ಬರುವ ‘ಈಡನ್’ ಎಂಬ ಮೋಸದ ಊರಿಗೆ ಇದೇ ಮಾದರಿಯೆಂದು ವಿಮರ್ಶಕರ ಮತ.

ಅದೇ ಜೌಗಿನ ಮೇಲೆ ಊರು ಬೆಳೆಯಿತೆಂಬುದು ಮನುಷ್ಯಪ್ರಯತ್ನದ ಹೆಗ್ಗಳಿಕೆ. ಸುತ್ತಲೂ ಮಣ್ಣಿನ ಏರಿಗಳನ್ನು ಕಟ್ಟಿದರು. ಉತ್ತರದ ಏರಿಯಲ್ಲಿ ರಸ್ತೆಗೆ ಬಿಟ್ಟಿರುವ ಕಂಡಿಗೆ ಭಾರಿ ಉಕ್ಕಿನ ಬಾಗಿಲೊಂದುಂಟು. ಪ್ರವಾಹ ಬಂದಾಗ ಅದನ್ನು ಇಳಿಸಿದರೆ ಊರು ಕೋಟೆಯಾಗುತ್ತದೆ. 1850ರ ದಶಕದಲ್ಲಿ ರೈಲುಮಾರ್ಗ ಬಂದಿತು. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಸೇನಾನಿ ಗ್ರಾಂಟನು ಇಲ್ಲಿ ಠಾಣ್ಯ ಹೂಡಿದನು. ಗುಲಾಮಗಿರಿಯಿಂದ ಪಾರಾದ ಸಾವಿರಾರು ಕಪ್ಪು ಜನ ಇಲ್ಲಿಗೆ ಬಂದು ಸೇರಿದರು. ಕಾದಂಬರಿಯ ಜಿಮ್‌ಗೆ ತಪ್ಪಿದ ಊರು ಇವರಿಗೆ ದೊರೆಯಿತು. 1860ರಲ್ಲಿ 2,188 ಇದ್ದ ಜನಸಂಖ್ಯೆ 1920ರ ಹೊತ್ತಿಗೆ 15,203ಕ್ಕೆ ಏರಿತು.

ಅದೇ ಶಿಖರ, ಅಲ್ಲಿಂದ ಮುಂದೆ ಇಳಿಜಾರು. 1960ರಲ್ಲಿ 9,348, 1970ರಲ್ಲಿ 6,277, 2000ದಲ್ಲಿ 3,632, 2020ರ ಗಣತಿಯಲ್ಲಿ 1,733. ಇದಕ್ಕೆ ಭೂಗೋಳದ ಕಾರಣಗಳು ಇಲ್ಲದಿಲ್ಲ. 1889ರಲ್ಲಿ ಓಹಾಯೋ ನದಿಗೆ ರೈಲುಸೇತುವೆಯಾದಾಗ ರೈಲುಬಂಡಿಗಳನ್ನು ದಾಟಿಸುವ ದೋಣಿಗಳ ಕೆಲಸ ಹೋಯಿತು. ಉಗಿಹಡಗುಗಳ ಕಾಲ ಮುಗಿಯಿತು. 1978ರಲ್ಲಿ ಹೆದ್ದಾರಿಯ ಸೇತುವೆಯೊಂದು ಊರನ್ನು ಬದಿಗಿಟ್ಟು ಮಿಸಿಸಿಪಿಯನ್ನು ದಾಟಿತು. ಆದರೆ ಸೇತುವೆಗಳ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ನ್ಯಾಯವಲ್ಲ.

1909ರ ನವೆಂಬರಿನಲ್ಲಿ ವಿಲ್ ಜೇಮ್ಸ್ ಎಂಬ ಕಪ್ಪು ಮನುಷ್ಯನನ್ನು ವಿಚಾರಣೆಯಿಲ್ಲದೆ, ಸಾವಿರಾರು ಜನರ ಗುಂಪು ನಡುಬೀದಿಯಲ್ಲಿ ಕೊಂದಿತು. 1967ರ ಜುಲೈನಲ್ಲಿ ರಾಬರ್ಟ್ ಹಂಟ್ ಎಂಬ ಹರೆಯದ ಕಪ್ಪು ಸೈನಿಕ ಪೊಲೀಸರ ವಶದಲ್ಲಿ ಸತ್ತನು. ಅಧಿಕಾರಿಗಳು ಆತ್ಮಹತ್ಯೆಯೆಂದರು, ಅವನ ಜನ ನಂಬಲಿಲ್ಲ, ಗಲಭೆಯೆದ್ದಿತು. ಕಪ್ಪು ಜನರಿಗೆ ಕೆಲಸ ಕೊಡದ ಅಂಗಡಿಗಳಲ್ಲಿ ಏನನ್ನೂ ಕೊಳ್ಳುವುದಿಲ್ಲವೆಂಬ ಬಹಿಷ್ಕಾರ 1969ರಲ್ಲಿ ಆರಂಭವಾಗಿ ವರ್ಷಗಟ್ಟಲೆ ನಡೆಯಿತು. ಅನೇಕ ವರ್ತಕರು ಕಪ್ಪು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದಕ್ಕಿಂತ ಅಂಗಡಿಯನ್ನು ಮುಚ್ಚುವುದೇ ಲೇಸೆಂದರು. ಈಜುಕೊಳದಲ್ಲಿ ಕಪ್ಪು ಮಕ್ಕಳಿಗೂ ಎಡೆ ಕೊಡಬೇಕಾಗಿ ಬಂದಾಗ ಕೊಳವನ್ನೇ ಮುಚ್ಚಿದರು. ಹೊಳೆಯ ನೀರು ಒಳಕ್ಕೆ ಬಾರದಂತೆ ಅಷ್ಟು ಜಾಗರೂಕತೆಯಿಂದ ಕಾದುಕೊಂಡ ಊರು ಹೀಗೆ ಒಳಗಿನಿಂದಲೇ ಬರಿದಾಯಿತು.

2011ರ ಮಹಾಪ್ರವಾಹದಲ್ಲಿ ಓಹಾಯೋ ನದಿಯು ಇಲ್ಲಿ 61 ಅಡಿಯ ಗುರುತನ್ನೂ ಮೀರಿ, 1937ರ ದಾಖಲೆಯನ್ನು ಮುರಿಯಿತು. ಊರನ್ನು ಉಳಿಸಬೇಕಾದರೆ ಎದುರಿನ ಮಿಸ್ಸೂರಿ ಸಂಸ್ಥಾನದ ಏರಿಯನ್ನು ಒಡೆದು 1,30,000 ಎಕರೆ ಹೊಲಗಳನ್ನು ಮುಳುಗಿಸಬೇಕಿತ್ತು. ಹೊಲ ಮುಳುಗಬೇಕೋ ಕೇರೋ ಮುಳುಗಬೇಕೋ ಎಂದು ಕೇಳಿದಾಗ, ಆ ಸಂಸ್ಥಾನದ ಶಾಸನಸಭೆಯ ಅಧ್ಯಕ್ಷರು ಕೇರೋ ಎಂದರು. ಆಮೇಲೆ ಕ್ಷಮೆ ಕೇಳಿದರು. ಮೇ 2ರ ರಾತ್ರಿ ಸೈನ್ಯದ ಎಂಜಿನಿಯರುಗಳು ಏರಿಯನ್ನು ಸಿಡಿಸಿದರು, ಊರು ಉಳಿಯಿತು. ಆರು ವರ್ಷಗಳ ತರುವಾಯ, 2017ರಲ್ಲಿ, ಸರ್ಕಾರ ಬಡವರಿಗಾಗಿ ಕಟ್ಟಿಸಿದ್ದ ಹಳೆಯ ವಸತಿಗಳು ವಾಸಯೋಗ್ಯವಲ್ಲವೆಂದು ತೀರ್ಮಾನವಾಗಿ, ನೂರಾರು ಮಂದಿ ಊರನ್ನೇ ಬಿಡಬೇಕಾಗಿ ಬಂದಿತು. ಪ್ರವಾಹಕ್ಕೆ ಅಂಜದೆ ನಿಂತವರು ಮನೆಯಿಲ್ಲದೆ ಹೊರಟರು.

ಭೂಗೋಳವು ಊರಿಗೆ ಸ್ಥಳವನ್ನು ಕೊಡಬಲ್ಲುದು. ಅಲ್ಲಿ ಜನ ಒಬ್ಬರೊಡನೊಬ್ಬರು ಹೇಗೆ ಬಾಳಬೇಕೆಂಬುದನ್ನು ಅದು ಕಲಿಸಲಾರದು. ಹಾಗಿದ್ದೂ 1,733 ಎಂಬುದನ್ನು ಅಳಿದ ಊರಿನ ಲೆಕ್ಕವೆಂದು ಓದಲು ನನಗೆ ಮನಸ್ಸಾಗುವುದಿಲ್ಲ. ಅದು ಬಿಟ್ಟುಹೋಗಲು ಎಲ್ಲ ಕಾರಣಗಳಿದ್ದೂ ಉಳಿದವರ ಲೆಕ್ಕ.