ಮನೆಯಲ್ಲಿಯೇ ಮಾಡಿದ ವಿದ್ಯುತ್ ಗಿಟಾರ್

ನಮ್ಮ ಹೆಗ್ಗಡದೇವನಕೋಟೆಯ ಸುತ್ತಣ ಕಾಡುಗಳಲ್ಲಿ ತೇಗ, ಹೊನ್ನೆ, ಬೀಟೆ ಮುಂತಾದ ಮರಗಳು ಬೆಳೆಯುವುದನ್ನು ಎಲ್ಲರೂ ಬಲ್ಲರು. ಆದರೆ ಮಂಚ ಬಾಗಿಲುಗಳಿಗೆ ನಾವು ಬಳಸುತ್ತಿದ್ದ ಬೀಟೆಯು ಸಮುದ್ರದಾಚೆಯ ದೇಶಗಳಲ್ಲಿ ಗಿಟಾರೆಂಬ ವಾದ್ಯಕ್ಕೆ ಬಹುಕಾಲದಿಂದ ಒದಗುತ್ತಿದೆಯೆಂಬುದನ್ನು ನಾನು ಅರುವತ್ತರ ವಯಸ್ಸಿನಲ್ಲಿ ನನ್ನ ಕಿರಿಯ ಮಗನಿಂದ ಕಲಿತೆನು. ಕಲಿಸುವುದೇ ವೃತ್ತಿಯಾಗಿದ್ದವನಿಗೆ ಕಲಿಯುವ ಸರದಿ ಬಂದ ಆ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತೇನೆ.

ಮೈಸೂರಿನಲ್ಲಿ ಓದುತ್ತಿರುವ ಅವನು ಬೇಸಗೆಯ ರಜಕ್ಕೆ ಬಂದವನು ಒಂದು ದಿನ, "ಅಪ್ಪಾ, ಅಟ್ಟದ ಮೇಲಿರುವ ಬೀಟೆಯ ಹಲಗೆಗಳನ್ನು ನನಗೆ ಕೊಡುತ್ತೀರಾ? ಗಿಟಾರ್ ಮಾಡಬೇಕು" ಎಂದನು. ನನ್ನ ತಂದೆಯವರು ಕಟ್ಟಿಸಿದ ಮನೆಯನ್ನು ಕೆಡವಿದಾಗ, ಬಾಗಿಲವಾಡದಿಂದ ಕೊಯ್ಯಿಸಿ ನೆನಪಿಗಾಗಿ ಉಳಿಸಿಕೊಂಡಿದ್ದ ಎರಡೇ ಹಲಗೆಗಳವು. ಬೀಟೆಯ ಮರವು ನಮ್ಮ ಹೊಲದಲ್ಲಿಯೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. 2017ರಿಂದ ಆ ಜಾತಿಯ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುಪಾಡುಗಳಿವೆ. ಹೀಗಿರುವಲ್ಲಿ ಹೋದ ಹಲಗೆ ಮತ್ತೆ ಬರುವುದೇ? "ಅಂಗಡಿಯಲ್ಲಿ ಕೊಂಡರಾಗದೇ?" ಎಂದು ಕೇಳಿದೆನು. "ಕೊಂಡದ್ದನ್ನು ನುಡಿಸಬಹುದು, ಅಪ್ಪಾ. ಅದು ಹೇಗೆ ನುಡಿಯುತ್ತದೆಂಬುದು ತಿಳಿಯುವುದಿಲ್ಲ" ಎಂದನು.

ಆ ರಾತ್ರಿ ಊಟವಾದ ಮೇಲೆ ಅವನು ಹೇಳಿದ ಕಥೆಯಿದು. 1963ರಲ್ಲಿ ಲಂಡನ್ನಿನ ಹೊರವಲಯದಲ್ಲಿ ಬ್ರಯಾನ್ ಮೇ ಎಂಬ ಹದಿನಾರರ ಹುಡುಗನು, ಒಳ್ಳೆಯ ಗಿಟಾರನ್ನು ಕೊಳ್ಳುವಷ್ಟು ಹಣವಿಲ್ಲದುದರಿಂದ, ತನ್ನ ತಂದೆ ಹೆರಾಲ್ಡನೊಡನೆ ಮನೆಯಲ್ಲಿಯೇ ಒಂದನ್ನು ಮಾಡತೊಡಗಿದನು. ವಾದ್ಯದ ಕೊರಳಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಅದರಲ್ಲಿ ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿಯ ಬೆಣೆ. ಸ್ವರವನ್ನು ಓಲಾಡಿಸುವ ಸಾಧನಕ್ಕೆ ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಅದರ ಹಿಡಿಯ ತುದಿಗೆ ತಾಯಿಯ ಹೆಣಿಗೆಯ ಕಡ್ಡಿ. ಅಲಂಕಾರಕ್ಕೆ ಆಕೆಯ ಹೊಲಿಗೆಯ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿ. ಸುಮಾರು ಎರಡು ವರ್ಷಗಳ ಕೆಲಸ. ಅವನು ಮುಂದೆ 'ಕ್ವೀನ್' ಎಂಬ ಮೇಳದಲ್ಲಿ ಅದೇ ಗಿಟಾರನ್ನು ನುಡಿಸಿ ಜಗತ್ಪ್ರಸಿದ್ಧನಾದನು. 2007ರಲ್ಲಿ ಖಗೋಳವಿಜ್ಞಾನದಲ್ಲಿ ಡಾಕ್ಟರ್ ಪದವಿಯನ್ನೂ ಪಡೆದನು. ಕಥೆ ಮುಗಿದಾಗ ನನ್ನ ಮನೆಯವಳು, "ಅಟ್ಟದ ಮೇಲೆ ಧೂಳು ಹಿಡಿಯಲೆಂದೇ ಮಾವನವರು ಆ ಮರವನ್ನು ಆರಿಸಿದರೇ?" ಎಂದಳು. ಮರುದಿನ ಬೆಳಿಗ್ಗೆ ಒಂದು ಹಲಗೆಯನ್ನು ಕೊಟ್ಟೆನು; ಇನ್ನೊಂದನ್ನು ಕೇಳಬಾರದೆಂದು ಹೇಳಿದೆನು.

ವೀಣೆಯನ್ನು ಬಲ್ಲವರಿಗೆ ಗಿಟಾರಿನ ಅಂಗಾಂಗಗಳು ತೀರ ಅಪರಿಚಿತವಲ್ಲ. ಅಲ್ಲಿರುವಂತೆಯೇ ಇಲ್ಲಿಯೂ ಮೇರು, ಕುದುರೆ, ಬಿರಡೆ, ಮೆಟ್ಟಿಲುಗಳುಂಟು. ಭೇದವಿರುವುದು ನಾದ ಹುಟ್ಟುವ ಬಗೆಯಲ್ಲಿ. ವೀಣೆಯ ತಂತಿಯ ಕಂಪನವನ್ನು ಪೊಳ್ಳಾದ ಕೊಡವು ಹಿಗ್ಗಿಸುತ್ತದೆ. ವಿದ್ಯುತ್ ಗಿಟಾರಿನ ಒಡಲಾದರೋ ಸಾಮಾನ್ಯವಾಗಿ ಗಟ್ಟಿಯಾದ ಮರ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಉಕ್ಕು ಮಿಡಿದಾಗ ಅಯಸ್ಕಾಂತದ ಪ್ರಭಾವವು ಏರಿಳಿದು ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಧ್ವನಿವರ್ಧಕವು ಹಿಗ್ಗಿಸುತ್ತದೆ. ಇದರ ಮೂಲತತ್ತ್ವವನ್ನು ಫ್ಯಾರಡೆಯು 1831ರಲ್ಲಿಯೇ ಕಂಡುಹಿಡಿದಿದ್ದನು. ಅದನ್ನು ಗಿಟಾರಿಗೆ ಅಳವಡಿಸಿ ಮೊದಲು ಯಶಸ್ಸು ಪಡೆದವರು ಅಮೆರಿಕದ ಬೋಷಾಂಪ್ ಮತ್ತು ರಿಕನ್‌ಬ್ಯಾಕರ್ ಎಂಬವರು. 1931ರಲ್ಲಿ ಅವರು ರೂಪಿಸಿದ ಆ ವಾದ್ಯವನ್ನು, ಅದರ ಆಕಾರವನ್ನು ನೋಡಿ, ಜನರು ಬಾಣಲೆಯೆಂದೇ ಕರೆದರು!

ಹಿತ್ತಲಿನಲ್ಲಿ ಗಾಳಿಗೆ ಬಿದ್ದು, ನಾಲ್ಕು ವರ್ಷ ನೆರಳಿನಲ್ಲಿ ಒಣಗಿದ್ದ ಹಲಸಿನ ಮರವು ಗಿಟಾರಿನ ಒಡಲಾಯಿತು. ವೀಣೆಗೆ ಒಗ್ಗುವ ಮರವು ಇದಕ್ಕೆ ಒಗ್ಗದಿರುವುದೇ? ಕೊರಳಿಗೆ ತೇಗ. ಆರು ತಂತಿಗಳ ಎಳೆತವು ಸುಮಾರು 45 ಕಿಲೋಗ್ರಾಮಿನಷ್ಟಿರುವುದರಿಂದ, ಕೊರಳು ಬಾಗದಂತೆ ಅದರೊಳಗೆ ಉಕ್ಕಿನ ಸಲಾಕೆಯೊಂದನ್ನು ಹುದುಗಿಸಬೇಕು. ಸುರುಳಿಯ ಕೆಲಸಕ್ಕೆ ಮನೆಯ ಹೊಲಿಗೆಯ ಯಂತ್ರವೇ ಒದಗಿತು. ಕೂದಲೆಳೆಯಂತಹ ತಂತಿಯನ್ನು ಏಳು ಸಾವಿರ ಸುತ್ತು ಸುತ್ತಬೇಕು. ನನ್ನ ಮನೆಯವಳು ಚಕ್ರವನ್ನು ತಿರುಗಿಸುತ್ತ ನೂರು ಸುತ್ತಿಗೊಂದರಂತೆ ಹುಣಿಸೆಯ ಬೀಜವನ್ನಿಟ್ಟು ಲೆಕ್ಕ ಹಿಡಿದಳು. ನಲವತ್ತೊಂದನೆಯ ಬೀಜದ ಹೊತ್ತಿಗೆ ತಂತಿ ತುಂಡಾಯಿತು. ಒಬ್ಬರೂ ಮಾತಾಡಲಿಲ್ಲ. ಬೀಜಗಳನ್ನೆಲ್ಲ ಬಟ್ಟಲಿಗೆ ಸುರಿದು ಆಕೆ ಮತ್ತೆ ಮೊದಲಿನಿಂದ ಹಿಡಿದಳು.

ಅತ್ಯಂತ ಸೂಕ್ಷ್ಮವಾದುದು ಮೆಟ್ಟಿಲುಗಳ ಕೆಲಸ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮೇಣದಲ್ಲಿ ನಿಂತಿರುವುದರಿಂದ, ಸ್ವರ ತಪ್ಪಿದರೆ ಮೇಣವನ್ನು ಮೆತುಮಾಡಿ ಸರಿಸಬಹುದು. ಗಿಟಾರಿನಲ್ಲಿ ಬೀಟೆಯ ಹಲಗೆಯನ್ನು ಗರಗಸದಿಂದ ಕೊಯ್ದು ಲೋಹವನ್ನು ಬಡಿದು ಕೂರಿಸುತ್ತಾರೆ. ಕೊಯ್ದ ಮೇಲೆ ಮುಗಿಯಿತು. ಮೇರುವಿನಿಂದ ಕುದುರೆಗೆ 648 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ಮೊದಲನೆಯ ಮೆಟ್ಟಿಲಿನ ದೂರ. ಉಳಿದುದನ್ನು ಹಾಗೆಯೇ ಭಾಗಿಸಿದರೆ ಎರಡನೆಯದು. ಹುಡುಗನು ಲೆಕ್ಕವನ್ನೇನೋ ಸರಿಯಾಗಿಯೇ ಮಾಡಿ ಮೂರು ದಿನಗಳಲ್ಲಿ ಕೊಯ್ದು ಮುಗಿಸಿದನು. ನಾನು ಒಂದು ದಾರವನ್ನು ಮೇರುವಿನಿಂದ ಕುದುರೆಯ ಸ್ಥಾನದವರೆಗೆ ಅಳೆದು, ನಡುವೆ ಮಡಿಸಿ, ಹಲಗೆಯ ಮೇಲಿಟ್ಟೆನು. ನಡುವಿನಲ್ಲಿ ಬರಬೇಕಾದ ಹನ್ನೆರಡನೆಯ ಮೆಟ್ಟಿಲು ಎರಡು ಮಿಲಿಮೀಟರಿನಷ್ಟು ಆಚೆಗಿತ್ತು! ಒಂದೊಂದು ಮೆಟ್ಟಿಲನ್ನೂ ಅದರ ಹಿಂದಿನದರಿಂದ ಅಳೆದುದರಿಂದ, ಪ್ರತಿಯೊಂದರ ಅಲ್ಪದೋಷವೂ ಮುಂದಿನದಕ್ಕೆ ಸೇರುತ್ತ ಬಂದಿದ್ದಿತು.

ಅವನು ಹಲಗೆಯನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದನು. ಎರಡನೆಯದನ್ನು ಕೇಳಲಿಲ್ಲ; ಆಡಿದ ಮಾತನ್ನು ಉಳಿಸಿಕೊಂಡನು. ಆ ಮೌನವೇ ನನ್ನನ್ನು ಅಟ್ಟಕ್ಕೆ ಹತ್ತಿಸಿತು. ಆದರೆ ಹಲಗೆಯನ್ನು ಕೊಡುವ ಮೊದಲು ಅದೇ ದಾರದಿಂದ ಒಂದು ಪಾಠವನ್ನು ಹೇಳಿದೆನು. 17ನೆಯ ಶತಮಾನದ ಅಹೋಬಲ ಪಂಡಿತನು 'ಸಂಗೀತ ಪಾರಿಜಾತ'ದಲ್ಲಿ ಸ್ವರಸ್ಥಾನಗಳನ್ನು ವೀಣೆಯ ತಂತಿಯ ಉದ್ದದಿಂದಲೇ ವಿವರಿಸಿದ್ದಾನೆ. ತಂತಿಯ ನಡುವೆ ತಾರಷಡ್ಜ. ಮೇರುವಿಗೂ ಆ ನಡುವಿಗೂ ಮಧ್ಯೆ ಮಧ್ಯಮ. ತಂತಿಯನ್ನು ಮೂರು ಪಾಲು ಮಾಡಿದರೆ ಮೇರುವಿನಿಂದ ಮೊದಲ ಪಾಲು ಮುಗಿಯುವಲ್ಲಿ ಪಂಚಮ. ಗಿಟಾರಿನ ಐದನೆಯ ಮತ್ತು ಏಳನೆಯ ಮೆಟ್ಟಿಲುಗಳನ್ನು ಇದರೊಡನೆ ಹೋಲಿಸಿದೆವು. ಪಾಶ್ಚಾತ್ಯರು ಹನ್ನೆರಡು ಸ್ವರಗಳನ್ನೂ ಸಮಾನಾಂತರದಲ್ಲಿ ಹಂಚುವುದರಿಂದ ಅಲ್ಪಭೇದವಿರಲೇಬೇಕು. ಅದಾದರೋ ಎರಡೆಡೆಯಲ್ಲಿಯೂ ಸುಮಾರು ಅರ್ಧ ಮಿಲಿಮೀಟರ್ ಮಾತ್ರ! ಅವನ ಕಣ್ಣು ಅರಳಿತು. ನನ್ನದೂ ಅರಳಿತೆಂದರೆ ಸುಳ್ಳಲ್ಲ.

ಈ ಸಲ ಪ್ರತಿಯೊಂದು ಗೆರೆಯನ್ನೂ ಮೇರುವಿನಿಂದಲೇ ಅಳೆದನು; ಕೊಯ್ಯುವ ಮೊದಲು ದಾರವಿಟ್ಟು ನೋಡಿದನು. ಮೂರು ದಿನಗಳ ಕೆಲಸಕ್ಕೆ ಹನ್ನೊಂದು ದಿನಗಳು ಹಿಡಿದುವು. ದೀಪ ಹಚ್ಚುವ ಹೊತ್ತಿನಲ್ಲಿ ಅವನು ಮೊದಲು ಮೀಟಿದ್ದು ಬರಿಯ ಷಡ್ಜ. ಬಳಿಕ ಹನ್ನೆರಡನೆಯ ಮೆಟ್ಟಿಲಿನ ತಾರಷಡ್ಜ. ಎರಡೂ ಒಂದರೊಳಗೊಂದು ಕರಗಿದುವು. ಆಮೇಲೆ ತಡವರಿಸುತ್ತ ಮೋಹನದ ಆರೋಹಣವನ್ನು ನುಡಿಸಿದನು.

ಮಕ್ಕಳು ಏನನ್ನಾದರೂ ಕೈಯಾರೆ ಮಾಡುತ್ತೇವೆಂದಾಗ ಮರ ಕೆಟ್ಟೀತೆಂದು ಹೆದರುವ ಗೃಹಸ್ಥರಿಗೆ ನನ್ನದೊಂದೇ ಮಾತು: ಮೊದಲನೆಯ ಹಲಗೆ ಕೆಡದಿದ್ದರೆ ಎರಡನೆಯದು ಒದಗುತ್ತಿರಲಿಲ್ಲ. ಕೆಟ್ಟುದನ್ನು ನಾನು ಎಸೆದಿಲ್ಲ. ಅದು ನನ್ನ ಓದುವ ಮೇಜಿನ ಮೇಲಿದೆ. ಇದನ್ನು ಬರೆದ ಕಾಗದದ ಕೆಳಗಿರುವುದೂ ಅದೇ.