ಬಿಟ್ಟ ಓಟವನ್ನು ಮರಳಿ ಹಿಡಿಯುವ ಬಗೆ

ಶಾಲೆಯ ಕ್ರೀಡೋತ್ಸವದಲ್ಲಿ ಗೆದ್ದು ತಂದ ಬಟ್ಟಲೊಂದು ಎಷ್ಟೋ ಮನೆಗಳ ಗಾಜಿನ ಕಪಾಟಿನಲ್ಲಿ ಇಂದಿಗೂ ಕುಳಿತಿರುತ್ತದೆ. ಅದನ್ನು ಗೆದ್ದ ಬಾಲಕ ಈಗ ಗೃಹಸ್ಥ. ಕಚೇರಿ, ಸಂಸಾರ, ಸಾಲದ ಕಂತು, ಮಕ್ಕಳ ಪರೀಕ್ಷೆ ಇವುಗಳ ನಡುವೆ ಓಟವೆಂಬುದು ಬಸ್ಸು ತಪ್ಪಿಹೋಗುವ ಹೊತ್ತಿಗೆ ಮಾತ್ರ ನೆನಪಾಗುವ ವಿದ್ಯೆಯಾಗಿಬಿಟ್ಟಿದೆ. ಹೀಗಿರಲು ಒಂದು ದಿನ ವೈದ್ಯರು ರಕ್ತದೊತ್ತಡದ ಅಂಕಿಯನ್ನು ಎರಡು ಸಲ ಓದಿ ಹೇಳುತ್ತಾರೆ, ಇಲ್ಲವೆ ಮಾಳಿಗೆಯ ಮೆಟ್ಟಿಲು ಹತ್ತಿ ನಿಂತಾಗ ಮಗಳು, “ಅಪ್ಪಾ, ಇಷ್ಟ್ಯಾಕ ತೇಕಾಕತ್ತೀರಿ?” ಎಂದು ಕೇಳುತ್ತಾಳೆ. ಮರುದಿನವೇ ಹಳೆಯ ಬೂಟು ಹೊರಬೀಳುತ್ತದೆ. ಮೂರನೆಯ ದಿನ ಮೊಣಕಾಲು ಹಿಡಿಯುತ್ತದೆ. ನಾಲ್ಕನೆಯ ದಿನ ಬೂಟು ಪುನಃ ಮಂಚದ ಕೆಳಗೆ ಸೇರುತ್ತದೆ.

ಇದನ್ನು ಹಿರಿಯರು ಆರಂಭಶೂರತ್ವವೆಂದು ಕರೆದರು. ಆದರೆ ವಿಚಾರಿಸಿ ನೋಡಿದರೆ ಇಲ್ಲಿ ದೋಷವಿರುವುದು ಶೂರತ್ವದಲ್ಲಿ ಅಲ್ಲ, ಆರಂಭಿಸಿದ ಬಗೆಯಲ್ಲಿ.

ಒಲಿಂಪಿಕ್ಸಿಗೆ ಹೋದ ಬೆಳಗಾವಿಗ

ಬೆಳಗಾವಿಗೆ ಓಟ ಹೊಸ ವಿದ್ಯೆಯೇನೂ ಅಲ್ಲ. ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಿಗೆ ಭಾರತದಿಂದ ಹೋದ ಚಿಕ್ಕ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. ಆಗಸ್ಟ್ ೨೨ರಂದು ನಡೆದ ಮ್ಯಾರಥಾನ್ ಓಟವನ್ನು ಅವರು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದರು. ಆ ವರ್ಷದ ದೂರ ೪೨.೭೫ ಕಿಲೋಮೀಟರು; ಒಲಿಂಪಿಕ್ ಮ್ಯಾರಥಾನುಗಳಲ್ಲಿ ಅದಕ್ಕಿಂತ ದೀರ್ಘವಾದುದು ಇನ್ನೊಂದಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು ೨೬ ಕಿಲೋಮೀಟರು ಎಂದು ಬಲ್ಲವರು ಲೆಕ್ಕ ಹಾಕಬಹುದು: ಖಾನಾಪುರವನ್ನು ಮುಟ್ಟಿ, ಹಿಂದಿರುಗಿ, ಅರ್ಧದಾರಿಗೂ ಮಿಕ್ಕಿ ಬಂದಷ್ಟಾಯಿತು!

ಅಂದು ಗೆದ್ದವನ ಕಥೆಯೂ ಇಲ್ಲಿ ಸ್ಮರಣೀಯ. ಫಿನ್ಲೆಂಡಿನ ಹನ್ನೆಸ್ ಕೋಲೆಮೈನೆನ್ ೧೯೧೨ರ ಒಲಿಂಪಿಕ್ಸಿನಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಿದ್ದ. ಮಹಾಯುದ್ಧದ ದೆಸೆಯಿಂದ ೧೯೧೬ರ ಕ್ರೀಡೆಗಳು ನಡೆಯಲೇ ಇಲ್ಲ. ಎಂಟು ವರ್ಷ ಕಾದು, ಮೂವತ್ತರ ವಯಸ್ಸಿನಲ್ಲಿ ಮರಳಿ ಬಂದು ಅವನು ಮ್ಯಾರಥಾನನ್ನು ಗೆದ್ದ. ಅವನು ಮಹಾಕ್ರೀಡಾಪಟು, ನಿಜ. ಸಾಮಾನ್ಯ ಗೃಹಸ್ಥನ ದೇಹಕ್ಕೆ ಅಂಥ ಮರುಜನ್ಮ ಸಾಧ್ಯವೇ ಎಂಬುದೇ ಪ್ರಶ್ನೆ.

ಮೂವತ್ತು ವರ್ಷಗಳ ಅಂತರ

ಈ ಪ್ರಶ್ನೆಗೆ ಅಮೆರಿಕದ ಡಲ್ಲಾಸ್ ನಗರದ ವೈದ್ಯರು ಕಂಡುಕೊಂಡ ಉತ್ತರ ಕುತೂಹಲಕಾರಿಯಾಗಿದೆ. ೧೯೬೬ರಲ್ಲಿ ಅವರು ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಬಳಿಕ ಅಳೆದು ನೋಡಿದರೆ, ದೇಹವು ಪ್ರಾಣವಾಯುವನ್ನು ಬಳಸಿಕೊಳ್ಳುವ ಶಕ್ತಿ ಬಹಳವಾಗಿ ಕುಸಿದಿತ್ತು. ಮೂವತ್ತು ವರ್ಷಗಳ ತರುವಾಯ, ೧೯೯೬ರಲ್ಲಿ, ಅದೇ ಐವರನ್ನು ಮತ್ತೆ ಕರೆಸಲಾಯಿತು. ಆಗ ಅವರ ತೂಕ ಏರಿತ್ತು, ಮೈಯ ಕೊಬ್ಬು ಇಮ್ಮಡಿಯಾಗಿತ್ತು. ಆದರೂ ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿ, ಹಿಂದಿನ ಮೂರು ವಾರಗಳ ಹಾಸಿಗೆವಾಸ ಮಾಡಿದ ಹಾನಿಗಿಂತ ಕಡಿಮೆಯೇ ಆಗಿತ್ತು!

ಅನಂತರ ಅವರಿಗೆ ಆರು ತಿಂಗಳು ನಡಿಗೆ, ಮೆಲ್ಲೋಟ, ಸೈಕಲ್ ಸವಾರಿಗಳ ಅಭ್ಯಾಸ ಮಾಡಿಸಿದರು. ಅಭ್ಯಾಸವನ್ನು ಸ್ವಲ್ಪಸ್ವಲ್ಪವಾಗಿಯೇ ಹೆಚ್ಚಿಸಲಾಯಿತು. ಐವತ್ತರ ಆ ಗೃಹಸ್ಥರು ತಮ್ಮ ಇಪ್ಪತ್ತನೆಯ ವಯಸ್ಸಿನ ಸಹಜಶಕ್ತಿಯ ಮಟ್ಟವನ್ನು ಮತ್ತೆ ಮುಟ್ಟಿದರು. ತಾರುಣ್ಯದಲ್ಲಿ ಕಠಿಣ ತರಬೇತಿಯ ನಂತರ ಏರಿದ್ದ ತುತ್ತತುದಿ ಮಾತ್ರ ಕೈಗೆ ಸಿಗಲಿಲ್ಲ. ಇವರು ಕೇವಲ ಐವರು, ಹೌದು. ಆದರೂ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ಮನುಷ್ಯನ ಹೃದಯಕ್ಕೂ ಶ್ವಾಸಕೋಶಕ್ಕೂ ಪೂರ್ತಿಯಾಗಿ ಅನ್ವಯಿಸುವುದಿಲ್ಲವೆಂಬುದನ್ನು ತೋರಿಸಿಕೊಟ್ಟರು.

ಕುಂಬಾರನ ನೀತಿ

ಹಾಗಾದರೆ ಮೂರನೆಯ ದಿನ ಮೊಣಕಾಲು ಹಿಡಿಯುವುದೇಕೆ? ದೇಹದ ಅಂಗಗಳೆಲ್ಲವೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ಅಭ್ಯಾಸ ಆರಂಭವಾದ ಒಂದೆರಡು ವಾರಗಳಲ್ಲೇ ರಕ್ತದ ಪ್ರಮಾಣ ಏರತೊಡಗುತ್ತದೆ, ಉಸಿರು ಹಗುರವಾಗುತ್ತದೆ, ‘ಇನ್ನೇನು, ಹಳೆಯ ಕಾಲು ಬಂತು’ ಎಂಬ ಉತ್ಸಾಹ ಮೂಡುತ್ತದೆ. ಆದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಕಂಡರಗಳೂ ಸ್ವತಃ ಎಲುಬೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಲುಬಿನ ರೀತಿಯಂತೂ ವಿಚಿತ್ರ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಕಣಗಳನ್ನು ಕರಗಿಸಿಕೊಂಡು, ಆಮೇಲೆ ಹೊಸದನ್ನು ಕಟ್ಟುತ್ತದೆ. ಹಳೆಯ ಗೋಡೆ ಕೆಡವಿ ಹೊಸ ಗೋಡೆ ಏಳುವ ನಡುವಿನ ಕಾಲವೇ ಅಪಾಯದ ಕಾಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆಂಬುದನ್ನು ನೆನೆದರೆ, ಉಸಿರಿನ ಮಾತು ಕೇಳಿ ಕಾಲನ್ನು ದುಡಿಸುವುದು ಎಂಥ ಅವಿವೇಕವೆಂಬುದು ತಿಳಿದೀತು.

ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವಿರುವ ಬೆಳಗಾವಿಗೆ ಸೈನಿಕರ ಹೆಜ್ಜೆಯ ಸಪ್ಪಳ ಪರಿಚಿತ. ದೂರ ನಡೆದ ಸೈನಿಕರ ಪಾದಗಳು ಬಾತು ನೋಯುವುದನ್ನು ೧೮೫೫ರಲ್ಲೇ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹೌಪ್ಟ್ ಬರೆದಿಟ್ಟಿದ್ದ. ಕಾರಣವೇನೆಂಬುದು, ೧೮೯೫ರಲ್ಲಿ ಕ್ಷ-ಕಿರಣದ ಆವಿಷ್ಕಾರವಾದ ತರುವಾಯ ಬೆಳಕಿಗೆ ಬಂತು: ಪಾದದ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಗಟ್ಟಿಮುಟ್ಟಾದ ಸೈನಿಕನ ಪಾಡೇ ಇದಾದರೆ, ಹದಿನೈದು ವರ್ಷ ಕುರ್ಚಿಯ ಮೇಲೆ ಕುಳಿತವನ ಪಾಡೇನು?

ಖಾನಾಪುರ ಮಡಕೆ, ಹಂಚುಗಳಿಗೆ ಹೆಸರಾದ ಊರು. ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯೂ ಅಲ್ಲಿದೆ. ಹಸಿ ಮಡಕೆಯನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸದೆ ಆವಿಗೆಗೆ ಇಟ್ಟರೆ ಅದು ಬಿರಿಯುತ್ತದೆಂಬುದನ್ನು ಅಲ್ಲಿನ ಕುಂಬಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮರಳಿ ಓಡಹೊರಟವನಿಗೂ ಇದೇ ನೀತಿ. ಮೊದಲ ಮೂರು ತಿಂಗಳು ನೆರಳಿನಲ್ಲಿ ಒಣಗುವ ಕಾಲ.

ಹನ್ನೆರಡು ವಾರಗಳ ಕ್ರಮ

ಮೊದಲ ಎರಡು ವಾರ ಓಟವೇ ಬೇಡ. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಸಾಕು. ಮೂರು ಮತ್ತು ನಾಲ್ಕನೆಯ ವಾರಗಳಲ್ಲಿ ಐದು ನಿಮಿಷ ನಡೆದು ಮೈ ಬೆಚ್ಚಗಾದ ಮೇಲೆ, ಒಂದು ನಿಮಿಷ ಮೆಲ್ಲನೆ ಓಡಿ ಎರಡು ನಿಮಿಷ ನಡೆಯುವುದು. ಹೀಗೆ ಎಂಟು ಸಲ. ಐದು ಮತ್ತು ಆರನೆಯ ವಾರಗಳಲ್ಲಿ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಏಳು ಮತ್ತು ಎಂಟರಲ್ಲಿ ನಾಲ್ಕು ನಿಮಿಷ ಓಟ, ಎರಡು ನಿಮಿಷ ನಡಿಗೆ, ನಾಲ್ಕು ಸಲ. ಒಂಬತ್ತು ಮತ್ತು ಹತ್ತರಲ್ಲಿ ಎಂಟು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮೂರು ಸಲ. ಕೊನೆಯ ಎರಡು ವಾರಗಳಲ್ಲಿ ಇಪ್ಪತ್ತು ನಿಮಿಷ ಎಡೆಬಿಡದೆ ಓಡಲು ಯತ್ನಿಸಬಹುದು. ಓಟ ವಾರಕ್ಕೆ ಮೂರೇ ದಿನ. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನದ ಬಿಡುವು ಇರಲೇಬೇಕು. ಯಾವುದೇ ವಾರ ಕಠಿಣವೆನಿಸಿದರೆ ಅದನ್ನೇ ಮತ್ತೊಮ್ಮೆ ಮಾಡುವುದರಲ್ಲಿ ಅವಮಾನವೇನೂ ಇಲ್ಲ.

ವೇಗವೆಷ್ಟು? ಪಕ್ಕದಲ್ಲಿದ್ದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವಷ್ಟು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ೧೯೬೨ರ ಸುಮಾರಿಗೆ ಆಕ್ಲೆಂಡ್ ನಗರದ ನಡುವಯಸ್ಕರನ್ನು ಓಟಕ್ಕೆ ಹಚ್ಚಿದ್ದು ಇದೇ ಮಂದಗತಿಯಿಂದ. ಅಮೆರಿಕದ ಹೆಸರಾಂತ ಓಟದ ಗುರು ಬಿಲ್ ಬೋವರ್‌ಮನ್ ಅಲ್ಲಿಗೆ ಅತಿಥಿಯಾಗಿ ಹೋಗಿ ಅವರೊಡನೆ ಓಡಿದಾಗ, ಹೃದ್ರೋಗದಿಂದ ಚೇತರಿಸಿಕೊಂಡಿದ್ದ, ಎಪ್ಪತ್ತು ದಾಟಿದ ಮುದುಕರೊಬ್ಬರು ಈ ಐವತ್ತೊಂದರ ಗುರುವಿಗಾಗಿ ಹಿಂದೆ ಉಳಿಯಬೇಕಾಯಿತಂತೆ!

ನೆಲ, ಮಳೆ, ಜನ

ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿದೆ. ಇಲ್ಲಿಯ ಬೆಳಗಿನ ತಂಪು ಓಟಗಾರನಿಗೆ ವರದಾನ. ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ವ್ಯಾಕ್ಸಿನ್ ಡಿಪೋದ ಮರಗಳ ನೆರಳು, ಕೋಟೆ ಕೆರೆಯ ದಂಡೆ, ಕ್ಯಾಂಪಿನ ಅಗಲವಾದ ರಸ್ತೆಗಳು ಮುಂಜಾನೆಯ ನಡಿಗೆಗೆ ಹೇಳಿಮಾಡಿಸಿದಂತಿವೆ. ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಕುಶಲ ವಿಚಾರಿಸುತ್ತ ಸಾಗುವ ಹಿರಿಯರ ಗುಂಪುಗಳೊಡನೆ ಹೆಜ್ಜೆ ಹಾಕಿದರೆ ಸಂಕೋಚ ತಾನಾಗಿಯೇ ಕರಗುತ್ತದೆ. ಖಾನಾಪುರದವರಿಗೆ ಮಲಪ್ರಭೆಯ ದಂಡೆಯೂ ಅಸೋಗೆಯ ಕಡೆಗಿನ ದಾರಿಯೂ ಇವೆ. ಆದರೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಗಾಲವೆಂದರೆ ಜಡಿಮಳೆ. ಕೆಂಪು ಮಣ್ಣಿನ ಹಾದಿ ಜೂನ್ ಕಳೆದರೆ ಜಾರುಬಂಡೆ. ಆಗ ಮನೆಯ ಪಡಸಾಲೆಯಲ್ಲಿ ನಿಂತಲ್ಲೇ ಹೆಜ್ಜೆ ಹಾಕುವುದು, ಮೆಟ್ಟಿಲು ಹತ್ತಿ ಇಳಿಯುವುದು, ಗರಡಿಮನೆಯವರಂತೆ ನಾಲ್ಕಾರು ಬೈಠಕ್ ತೆಗೆಯುವುದು ಲೇಸು.

ಗೃಹಿಣಿಯರಿಗೆ ಮಳೆಗಿಂತಲೂ ದೊಡ್ಡ ಅಡ್ಡಿ ಜನರ ಮಾತು. ‘ಈ ವಯಸ್ಸಿನಾಗ ವೈನಿಗೆ ಇದೇನ ಹುಚ್ಚು?’ ಎಂಬ ಪಿಸುಮಾತಿಗೆ ಹೆದರಿ ಎಷ್ಟೋ ಜನ ಬಾಗಿಲಿನಿಂದಾಚೆ ಹೆಜ್ಜೆಯಿಡುವುದಿಲ್ಲ. ಲೋಕದ ದೊಡ್ಡವರೂ ಈ ಭ್ರಮೆಗೆ ಹೊರತಾಗಿರಲಿಲ್ಲ. ೧೯೨೮ರ ಒಲಿಂಪಿಕ್ಸಿನಲ್ಲಿ ೮೦೦ ಮೀಟರ್ ಓಡಿದ ಸ್ತ್ರೀಯರು ಬಳಲಿದರೆಂಬ ನೆಪದಿಂದ ೧೯೬೦ರವರೆಗೆ ಆ ಓಟವನ್ನೇ ಅವರಿಗೆ ಇಡಲಿಲ್ಲ; ಮ್ಯಾರಥಾನ್ ದೊರೆತದ್ದಂತೂ ೧೯೮೪ರಲ್ಲಿ. ನೆರೆಹೊರೆಯ ನಾಲ್ವರು ಕೂಡಿ ಹೊರಟರೆ ಹುಚ್ಚೆಂದವರೇ ಐದನೆಯವರಾಗಿ ಸೇರಿಕೊಂಡಾರು.

ಎಚ್ಚರದ ಮಾತು

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಉಳ್ಳವರು, ತಂದೆ ಅಥವಾ ಅಣ್ಣತಮ್ಮಂದಿರು ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾದ ಮನೆತನದವರು ವೈದ್ಯರನ್ನು ಕಂಡ ಬಳಿಕವೇ ಓಟಕ್ಕಿಳಿಯಬೇಕು. ಓಡುವಾಗ ಎದೆ ಹಿಂಡಿದಂತಾದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲಿಟ್ಟರೆ ಕೂಡಲೇ ನಿಲ್ಲಬೇಕು. ಅದನ್ನು ಪಿತ್ತವೆಂದೋ ವಾಯುವೆಂದೋ ತಳ್ಳಿಹಾಕಿ ಮನೆಯಲ್ಲಿ ಕಷಾಯ ಕುಡಿದು ಮಲಗುವುದು ಪ್ರಾಣಕ್ಕೇ ಎರವಾದೀತು. ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಸ್ನಾಯುಗಳ ಮೈಕೈ ನೋವು ಎರಡು ದಿನದಲ್ಲಿ ಇಳಿಯುತ್ತದೆ. ಎಲುಬಿನ ಮೇಲೆ ಒಂದೇ ಬಿಂದುವಿನಲ್ಲಿ ಚುಚ್ಚುವ, ದಿನೇದಿನೇ ಏರುವ ನೋವು ಬೇರೆ ಜಾತಿಯದು. ಅದಕ್ಕೆ ವಿಶ್ರಾಂತಿಯೂ ವೈದ್ಯರ ಸಲಹೆಯೂ ಬೇಕು.

ಇಷ್ಟು ಶ್ರಮ ಯಾತಕ್ಕೆ ಎಂದರೆ, ಬಟ್ಟಲನ್ನು ಇನ್ನೊಮ್ಮೆ ಗೆಲ್ಲುವುದಕ್ಕಲ್ಲ. ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ ಯೌವನದಲ್ಲಿ ಬಿಟ್ಟಿದ್ದ ಓಟವನ್ನು ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ದುಃಖದಲ್ಲಿ ಮರಳಿ ಹಿಡಿದರು. ೨೦೦೦ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರ ಲೆಕ್ಕದಂತೆ ಅವರಿಗೆ ವಯಸ್ಸು ೮೯. ಜನನಪತ್ರವಿಲ್ಲವೆಂದು ದಾಖಲೆಯ ಪುಸ್ತಕ ಅವರ ವಯಸ್ಸನ್ನು ಒಪ್ಪಲಿಲ್ಲ. ಅವರು ಓಡುವುದನ್ನು ಅದರಿಂದ ನಿಲ್ಲಿಸಲೂ ಇಲ್ಲ. ೨೦೨೫ರಲ್ಲಿ ವಾಹನವೊಂದು ಬಡಿದು ತೀರಿಕೊಳ್ಳುವವರೆಗೂ ನಡೆದಾಡಿಕೊಂಡಿದ್ದರು. ಅವರಂತೆ ಮ್ಯಾರಥಾನ್ ಓಡುವುದು ಎಲ್ಲರಿಗೂ ಬೇಕಿಲ್ಲ. ಆದರೆ ತನ್ನ ಕಾಲಿನ ಮೇಲೆ ತಾನು ನಿಂತು ಮಕ್ಕಳಿಗೆ ಹೊರೆಯಾಗದೆ ಬಾಳಬೇಕೆಂಬ ಆಸೆ ಯಾರಿಗಿಲ್ಲ? ಆ ಆಸೆಗೆ ತೆರಬೇಕಾದ ಬೆಲೆ ಮೊದಲ ದಿನ ಅರ್ಧ ಗಂಟೆಯ ನಡಿಗೆ ಮಾತ್ರ. ನಿಧಾನವೇ ಪ್ರಧಾನವೆಂಬುದನ್ನು ಮರೆಯದವರ ಬೂಟು ಮಂಚದ ಕೆಳಗೆ ಧೂಳು ತಿನ್ನಲಾರದು.