ಘಟ್ಟದ ಕಾಲುಹಾದಿ: ಹೊನ್ನಾವರದಿಂದ ಇಕ್ಕೇರಿಗೆ

‘ಮಾರ್ಗ’ ಎಂಬ ಶಬ್ದಕ್ಕೆ ಅನ್ವೇಷಣವೆಂಬ ಅರ್ಥವುಳ್ಳ ಧಾತುವೇ ಮೂಲ. ಹಳಗನ್ನಡವು ಅದನ್ನು ‘ಬಟ್ಟೆ’ ಎಂದಿತು. ಮುನ್ನ ನಡೆದವರು ಅರಸಿ ಕಂಡುದನ್ನು ಹಿಂದೆ ಬರುವವರು ತಮ್ಮ ಹೆಜ್ಜೆಯಿಂದಲೇ ಕಲಿಯುವರಾದ್ದರಿಂದ ಕಾಲುಹಾದಿಯೂ ಒಂದು ವಿದ್ಯೆಯೇ ಸರಿ. ಈ ಮಾತಿಗೆ ನಿದರ್ಶನವಾಗಿ, ಹೊನ್ನಾವರದ ಕಡಲ ತಡಿಯಿಂದ ಗೇರುಸೊಪ್ಪೆಯ ಘಟ್ಟವನ್ನೇರಿ ಇಕ್ಕೇರಿಯನ್ನು ಸೇರುತ್ತಿದ್ದ ಪುರಾತನ ಹಾದಿಯ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಶರಾವತಿಯು ಹೊನ್ನಾವರದಲ್ಲಿ ಸಮುದ್ರವನ್ನು ಕೂಡುತ್ತದೆ. ಅಲ್ಲಿಂದ ಗೇರುಸೊಪ್ಪೆಯವರೆಗೆ, ಅಂದರೆ ಸುಮಾರು 30 ಕಿಲೋಮೀಟರಿನಷ್ಟು ದೂರ, ಹೊಳೆಯ ಪಾತ್ರ ವಿಶಾಲವಾಗಿದ್ದು ದೋಣಿಗಳ ಸಂಚಾರಕ್ಕೆ ಅನುಕೂಲವಾಗಿತ್ತು. ಅದಕ್ಕೂ ಮೇಲಕ್ಕೆ, ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿದ ನದಿ ಕಡಿದಾದ ಕೊಳ್ಳದಲ್ಲಿ ಹರಿದು ಬರುವುದರಿಂದ ದೋಣಿಗೂ ದಾರಿಯಿಲ್ಲ, ದಡ ಹಿಡಿದು ನಡೆಯಲೂ ಎಡೆಯಿಲ್ಲ. ಆದಕಾರಣ ಪಯಣಿಗರು ಗೇರುಸೊಪ್ಪೆಯಲ್ಲಿ ದೋಣಿಯಿಂದಿಳಿದು, ಹೊಳೆಯನ್ನು ಬಿಟ್ಟು, ಗುಡ್ಡದ ಏಣನ್ನು ಹಿಡಿಯಬೇಕಾಗಿತ್ತು. ದೋಣಿಯ ಸರಕು ಎತ್ತಿನ ಬೆನ್ನಿಗೇರುವ ಈ ತಾಣದಲ್ಲಿ ಸಮೃದ್ಧವಾದ ಪಟ್ಟಣವೊಂದು ಬೆಳೆದುದು ಆಶ್ಚರ್ಯವಲ್ಲ. ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಕಾಡಿನ ನಡುವೆ ಉಳಿದಿರುವ ಚತುರ್ಮುಖ ಬಸದಿಯು ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿದೆ.

ಘಟ್ಟದ ಹಾದಿಗಳು ಬಂಡಿಗಾಗಿ ಮೂಡಿದವಲ್ಲ. ಕಾಲಾಳಿಗೂ ಹೇರೆತ್ತಿಗೂ ಮೂಡಿದವು. ಉಪ್ಪು ಮೇಲಕ್ಕೇರಿತು, ಮೆಣಸು, ಅಡಕೆ ಕೆಳಗಿಳಿದವು. ಹೊರೆ ಹೊತ್ತ ಎತ್ತು ನೆಟ್ಟಗೆ ಏರಲಾರದಾದ್ದರಿಂದ ಹಾದಿ ಬಳಸಿ ಬಳಸಿ ಸಾಗುತ್ತದೆ. ಮಳೆಯ ನೀರು ಕೊರೆಯದಂತೆ ಹಳ್ಳಗಳನ್ನು ತಪ್ಪಿಸುತ್ತದೆ. ಬಳಲಿದವರು ತಂಗುವೆಡೆಯಲ್ಲಿ ನೀರಿನಾಸರೆಯನ್ನು ಹುಡುಕುತ್ತದೆ. ಮಳೆಗಾಲ ಕಳೆದ ಬಳಿಕವೇ ಈ ಪಯಣಕ್ಕೆ ಅನುವು. ಎಂಜಿನಿಯರುಗಳ ನಕ್ಷೆಯಿಲ್ಲದೆ ಹಲವು ತಲೆಮಾರುಗಳ ಅನುಭವವೇ ಇದನ್ನೆಲ್ಲ ನಿರ್ಣಯಿಸಿತು.

1623ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು, ಕೆಳದಿಯ ದೊರೆ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಸಂಗಡ ಈ ಹಾದಿಯಲ್ಲೇ ಇಕ್ಕೇರಿಗೆ ಬಂದನು. ಘಟ್ಟದ ಮೇಲೆ, ಹೊರೆಗಳನ್ನು ಅಣಿಗೊಳಿಸುವ ಹೊತ್ತಿನಲ್ಲಿ, ಅವನು ಗುಡಿಯೊಂದರ ಜಗಲಿಯಲ್ಲಿ ಕಂಡ ನೋಟ ಅಧ್ಯಾಪಕರೆಲ್ಲರೂ ಅರಿಯತಕ್ಕದ್ದು. ನಾಲ್ವರು ಬಾಲಕರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಪಾಠವನ್ನು ರಾಗವಾಗಿ ಹಾಡುತ್ತ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತಿದ್ದರು. ಸ್ಥಳ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವರು. ಗುರುಗಳು ಸಮೀಪದಲ್ಲಿರಲಿಲ್ಲ. ಮರೆತರೆ ತಿದ್ದುವವರಾರೆಂದು ಕೇಳಿದಾಗ, ತಾವೇ ಒಬ್ಬರಿಗೊಬ್ಬರು ಹೇಳಿಕೊಡುವೆವೆಂದು ಉತ್ತರವಿತ್ತರು. ವಿದೇಶೀಯನು ಈ ಕ್ರಮವನ್ನು ಸುಲಭವೂ ಭದ್ರವೂ ಆದುದೆಂದು ಮೆಚ್ಚಿ ತನ್ನ ಪತ್ರದಲ್ಲಿ ಬರೆದಿಟ್ಟನು. ನಾಲ್ಕು ಶತಮಾನಗಳ ಹಿಂದಿನ ಕನ್ನಡ ನಾಡಿನ ಬಾಲಶಿಕ್ಷಣದ ಈ ಅಮೂಲ್ಯ ಚಿತ್ರ ನಮಗೆ ದೊರೆತುದು ಒಂದು ಕಾಲುಹಾದಿಯ ದೆಸೆಯಿಂದ!

ಮರಳಿನ ಮೇಲಣ ಅಕ್ಷರದಂತೆಯೇ ಹಾದಿಯೂ ಮರಳಿ ಮರಳಿ ಮೂಡಿದರೆ ಮಾತ್ರ ಉಳಿಯುತ್ತದೆ. ಮೋಟಾರು ರಸ್ತೆ ಬಂದ ಮೇಲೆ ಘಟ್ಟಗಳ ಹಳೆಯ ಹಾದಿಗಳಲ್ಲಿ ನಡೆಯುವವರು ವಿರಳರಾದರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯವು ನಾಡಿಗೆ ಬೆಳಕನ್ನಿತ್ತಿತಾದರೂ ಶರಾವತಿಯ ಮೇಲಣ ಕಣಿವೆಯ ಅನೇಕ ಹಳ್ಳಿಗಳನ್ನೂ, ಅವುಗಳ ಹಾದಿಗಳನ್ನೂ ಮುಳುಗಿಸಿತು. ನೀರಿನಲ್ಲಿ ಮುಳುಗಿದುದನ್ನು ಮರಳಿ ಪಡೆಯಲಾಗದು. ಆದರೆ ಮರವೆಯಲ್ಲಿ ಮುಳುಗುತ್ತಿರುವುದನ್ನು ಎತ್ತಬಹುದು. ಇಂಥ ಕಟ್ಟೆಯಲ್ಲಿ ಹೊರೆಯಿಳಿಸುತ್ತಿದ್ದರು, ಇಂಥ ಬಂಡೆಗೆ ಇಂಥ ಹೆಸರು, ಇಂಥ ಹೊಂಡ ಬೇಸಗೆಯಲ್ಲೂ ಬತ್ತದು ಎಂಬ ತಿಳಿವಳಿಕೆ ಯಾವ ಗ್ರಂಥದಲ್ಲಿಯೂ ಇಲ್ಲ. ಘಟ್ಟದಂಚಿನ ಊರುಗಳ ವೃದ್ಧರ ನಾಲಗೆಯ ಮೇಲಿದೆ. ಅವರೊಡನೆಯೇ ಅದೂ ಅಳಿಯುವುದು.

ಆದುದರಿಂದ ನಮ್ಮ ಅಧ್ಯಾಪಕರು, ಮಳೆಗಾಲ ಕಳೆದ ಮೇಲೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಹಾದಿಯನ್ನು ಬಲ್ಲ ಹಿರಿಯರನ್ನು ಮುಂದಿಟ್ಟುಕೊಂಡು, ವಿದ್ಯಾರ್ಥಿಗಳನ್ನು ಇಂಥ ಹಾದಿಗಳಲ್ಲಿ ನಡೆಸಬೇಕು. ಕೇಳಿದ ಹೆಸರುಗಳನ್ನು ಅವರಿಂದಲೇ ಬರೆಯಿಸಬೇಕು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇದಕ್ಕೆ ನೆರವಾಗುವುದು ಉಚಿತ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ದೊರೆಯುವ ಫಲವೋ ಚಿರಕಾಲ ನಿಲ್ಲತಕ್ಕದ್ದು.